ಬಳಸಿದ ಕಾರು ಖರೀದಿಸುವ ಯುವಜನರಿಗೆ ಮಾಹಿತಿ: ಎಂಜಿನ್ ಶಬ್ದದ ಪರೀಕ್ಷೆ ಹಾಗೂ ಮಾಲೀಕತ್ವ ವರ್ಗಾವಣೆ

ಹದಿನೆಂಟು ವರ್ಷ ಪೂರ್ಣಗೊಂಡು ಚಾಲನಾ ಪರವಾನಗಿ ಪಡೆದ ಅನೇಕ ಯುವಕ ಯುವತಿಯರು ಮೊದಲ ವಾಹನವಾಗಿ ಬಳಸಿದ ಕಾರನ್ನು ಆರಿಸಿಕೊಳ್ಳುತ್ತಾರೆ. ಕಾರನ್ನು ಮನೆಗೆ ತಂದ ಕೆಲವೇ ದಿನಗಳಲ್ಲಿ ಎಂಜಿನ್‌ನಿಂದ ಅಪರಿಚಿತ ಶಬ್ದ ಕೇಳಿಬಂದಲ್ಲಿ, ಕುಟುಂಬದ ಉಳಿತಾಯವೆಲ್ಲ ದುರಸ್ತಿಗೇ ವ್ಯಯವಾಗುವುದೇ ಎಂಬ ಆತಂಕ ಉಂಟಾಗುವುದು ಸಹಜ. ಎಲ್ಲಾ ಶಬ್ದಗಳೂ ದೊಡ್ಡ ದೋಷದ ಸೂಚನೆಯಲ್ಲ. ಆದರೆ ಕೆಲವು ಶಬ್ದಗಳು ಕೇಳಿಬಂದ ನಂತರ ವಾಹನವನ್ನು ಒಂದು ಕಿಲೋಮೀಟರ್ ಚಲಾಯಿಸುವುದೂ ಹಾನಿಕರ. ಇವೆರಡರ ನಡುವಿನ ವ್ಯತ್ಯಾಸವನ್ನು ತಿಳಿಸುವುದು ಈ ಪುಟದ ಉದ್ದೇಶ.

ಮಾಲೀಕತ್ವ ವರ್ಗಾವಣೆಯ ಅರ್ಜಿಯನ್ನು ಪರಿಶೀಲಿಸುವಾಗ ನೋಂದಣಿ ಪ್ರಾಧಿಕಾರವು ದಾಖಲೆಗಳನ್ನು ಪರಿಶೀಲಿಸುತ್ತದೆಯೇ ಹೊರತು ಎಂಜಿನ್‌ನ ಸ್ಥಿತಿಗೆ ಯಾವುದೇ ಖಾತರಿ ನೀಡುವುದಿಲ್ಲ. ಆದುದರಿಂದ ಮುಂದೆ ವಿವರಿಸಿರುವ ಪರೀಕ್ಷೆಯನ್ನು ಹಣ ಪಾವತಿಸುವ ಮುನ್ನ ಹಾಗೂ ನಮೂನೆ 29 ಮತ್ತು 30ಕ್ಕೆ ಸಹಿ ಮಾಡುವ ಮುನ್ನ ಕೈಗೊಳ್ಳತಕ್ಕದ್ದು. ಈಗಾಗಲೇ ಕಾರನ್ನು ಖರೀದಿಸಿದವರಿಗೂ ಇದೇ ಕ್ರಮ ಉಪಯುಕ್ತವಾಗಿದೆ.

1. ತಣ್ಣಗಿನ ಎಂಜಿನ್‌ನ ಪರೀಕ್ಷೆ

ಎಂಜಿನ್‌ನ ಹಲವು ದೋಷಗಳು ಅದು ತಣ್ಣಗಿರುವಾಗ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತವೆ. ಖರೀದಿದಾರರು ಬರುವ ಮುನ್ನವೇ ಮಾರಾಟಗಾರರು ಎಂಜಿನ್ ಚಾಲೂ ಮಾಡಿ ಬಿಸಿಯಾಗಿಸಿದ್ದಲ್ಲಿ ಇಂತಹ ಶಬ್ದಗಳು ಮರೆಯಾಗುತ್ತವೆ. ಆದಕಾರಣ ಬೆಳಗಿನ ವೇಳೆಯಲ್ಲಿ ವಾಹನ ನೋಡುವುದು ಹಾಗೂ ಮೊದಲಿಗೆ ಬಾನೆಟ್ ಮುಟ್ಟಿ ಅದು ತಣ್ಣಗಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಸೂಕ್ತ.

ಎಂಜಿನ್ ಚಾಲೂ ಮಾಡುವ ಮುನ್ನ ಈ ಕೆಳಕಂಡ ಅಂಶಗಳನ್ನು ಪರಿಶೀಲಿಸತಕ್ಕದ್ದು:

• ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್‌ನಿಂದ ಎಂಜಿನ್ ಆಯಿಲ್ ಮಟ್ಟವನ್ನು ನೋಡುವುದು. ಮಟ್ಟವು ಕಡ್ಡಿಯ ಮೇಲಿನ ಎರಡು ಗುರುತುಗಳ ನಡುವೆ ಇರಬೇಕು.
• ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದಲ್ಲಿ ಅದರೊಳಗೆ ನೀರು ಅಥವಾ ಕೂಲೆಂಟ್ ಬೆರೆತಿರುವ ಸಂಭವವಿದೆ. ಇಂತಹ ವಾಹನವನ್ನು ಚಾಲೂ ಮಾಡದಿರುವುದೇ ಲೇಸು. ಡೀಸೆಲ್ ಎಂಜಿನ್‌ನ ಆಯಿಲ್ ಬೇಗನೆ ಕಪ್ಪಾಗುವುದು ಸಾಮಾನ್ಯ, ಅದು ದೋಷವಲ್ಲ.
• ಕೀಲಿಯನ್ನು ಆನ್ ಹಂತಕ್ಕೆ ತಿರುಗಿಸಿದಾಗ ಕೆಂಪು ಬಣ್ಣದ ಆಯಿಲ್ ದೀಪ ಹಾಗೂ ಎಂಜಿನ್ ತಪಾಸಣಾ ದೀಪ ಬೆಳಗಬೇಕು. ಎಂಜಿನ್ ಚಾಲೂ ಆದ ನಂತರ ಆರಬೇಕು. ದೀಪಗಳು ಬೆಳಗದೇ ಇದ್ದಲ್ಲಿ ಅವು ಕೆಟ್ಟಿರಬಹುದು ಅಥವಾ ದೋಷವನ್ನು ಮರೆಮಾಚಲು ಅವುಗಳ ಸಂಪರ್ಕ ತಪ್ಪಿಸಿರಬಹುದು.

2. ಶಬ್ದದ ಮೂಲವನ್ನು ಪತ್ತೆ ಹಚ್ಚುವ ಕ್ರಮ

ಯಾವುದೇ ಶಬ್ದ ಕೇಳಿಬಂದಾಗ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು.

(ಅ) ಶಬ್ದವು ಎಂಜಿನ್‌ನ ವೇಗವನ್ನು ಅನುಸರಿಸುತ್ತದೆಯೇ ಅಥವಾ ಚಕ್ರಗಳ ವೇಗವನ್ನು ಅನುಸರಿಸುತ್ತದೆಯೇ? ನಿಂತ ವಾಹನದಲ್ಲಿ ಆಕ್ಸಿಲರೇಟರ್ ಒತ್ತಿದಾಗ ಶಬ್ದದ ಲಯ ಹೆಚ್ಚಿದರೆ ಮೂಲವು ಎಂಜಿನ್ ಅಥವಾ ಅದಕ್ಕೆ ಜೋಡಿಸಿದ ಭಾಗಗಳಲ್ಲಿದೆ. ಓಡುವಾಗ ಮಾತ್ರ ಕೇಳಿಸುವ, ವೇಗದೊಂದಿಗೆ ಏರುವ ಗುಂಯ್‌ಗುಡುವಿಕೆಯು ಚಕ್ರದ ಬೇರಿಂಗ್ ಅಥವಾ ಟೈರಿನದ್ದಾಗಿರುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಚಲಿಸುವಾಗ ಬರುವ ಕಟಕಟ ಶಬ್ದವು ಮುಂಚಕ್ರದ ಆಕ್ಸಲ್ ಜಾಯಿಂಟ್ ಸವೆದಿರುವುದನ್ನು ಸೂಚಿಸುತ್ತದೆ. ಇವೆರಡೂ ಎಂಜಿನ್ ದೋಷಗಳಲ್ಲ.

(ಆ) ಎಂಜಿನ್ ಬಿಸಿಯಾದಂತೆ ಶಬ್ದವು ಕಡಿಮೆಯಾಗುತ್ತದೆಯೇ, ಹೆಚ್ಚುತ್ತದೆಯೇ? ಬಿಸಿಯಾದಾಗ ಲೋಹದ ಭಾಗಗಳು ಹಿಗ್ಗಿ ಅಂತರ ಕಡಿಮೆಯಾಗುವುದರಿಂದ ಕೆಲವು ಶಬ್ದಗಳು ಅಡಗುತ್ತವೆ. ಆದರೆ ಆಯಿಲ್ ಬಿಸಿಯಾಗಿ ತೆಳುವಾದಾಗ ಹೆಚ್ಚಾಗುವ ಶಬ್ದವು ಬೇರಿಂಗ್‌ಗಳ ಸವೆತ ಅಥವಾ ಆಯಿಲ್ ಒತ್ತಡದ ಕೊರತೆಯನ್ನು ಸೂಚಿಸುವುದರಿಂದ ಹೆಚ್ಚು ಗಂಭೀರವಾದುದು.

(ಇ) ಕ್ಲಚ್ ಪೆಡಲ್ ಒತ್ತಿದಾಗ ಶಬ್ದ ಬದಲಾಗುತ್ತದೆಯೇ? ಪೆಡಲ್ ಒತ್ತಿದಾಗ ಆರಂಭವಾಗುವ ಶಬ್ದವು ಕ್ಲಚ್ ರಿಲೀಸ್ ಬೇರಿಂಗ್‌ನದ್ದು. ನ್ಯೂಟ್ರಲ್‌ನಲ್ಲಿ ಕೇಳಿಸುತ್ತಿದ್ದು ಪೆಡಲ್ ಒತ್ತಿದಾಗ ನಿಲ್ಲುವ ಶಬ್ದವು ಸಾಮಾನ್ಯವಾಗಿ ಗೇರ್‌ಬಾಕ್ಸ್‌ನ ಬೇರಿಂಗ್‌ನದ್ದು.

3. ಶಬ್ದಗಳು ಹಾಗೂ ಅವುಗಳ ಸಂಭಾವ್ಯ ಕಾರಣಗಳು

ಹಗುರವಾದ ಟಿಕ್ ಟಿಕ್: ಎಂಜಿನ್‌ನ ಮೇಲ್ಭಾಗದಿಂದ ಬರುವ ಈ ಶಬ್ದವು ಟ್ಯಾಪೆಟ್‌ಗಳದ್ದಾಗಿರುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್‌ಶಾಫ್ಟ್ ಒಂದೇ ಸುತ್ತು ತಿರುಗುವುದರಿಂದ ಇದರ ಲಯವು ಎಂಜಿನ್‌ನ ವೇಗದ ಅರ್ಧದಷ್ಟು ನಿಧಾನವಾಗಿರುತ್ತದೆ. ಚಾಲೂ ಮಾಡಿದ ಕೆಲವು ಸೆಕೆಂಡುಗಳಲ್ಲಿ ನಿಂತರೆ ಚಿಂತೆಗೆ ಕಾರಣವಿಲ್ಲ. ಮುಂದುವರಿದಲ್ಲಿ ಆಯಿಲ್ ಮಟ್ಟವನ್ನು ನೋಡಿ, ಟ್ಯಾಪೆಟ್ ಅಂತರವನ್ನು ಸರಿಪಡಿಸಿಕೊಳ್ಳಬೇಕು.

ತಣ್ಣಗಿರುವಾಗ ಟೊಳ್ಳು ಬಡಿತ: ಪಿಸ್ಟನ್ ಹಾಗೂ ಸಿಲಿಂಡರ್ ನಡುವಿನ ಸವೆತದಿಂದ ಬರುತ್ತದೆ; ಬಿಸಿಯಾದಂತೆ ಕಡಿಮೆಯಾಗುತ್ತದೆ. ಇದರೊಂದಿಗೆ ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತಿದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ.

ಏರಿನಲ್ಲಿ ಕಿಣಿಕಿಣಿ ಎನ್ನುವ ಲೋಹದ ಶಬ್ದ: ಉದಾಹರಣೆಗೆ, ಮಂಗಳೂರಿನಲ್ಲಿ ಖರೀದಿಸಿದ ಕಾರನ್ನು ಶಿರಾಡಿ ಘಾಟಿಯ ಮಾರ್ಗವಾಗಿ ಹಾಸನಕ್ಕೆ ತರುವಾಗ, ಏರಿನಲ್ಲಿ ಮೇಲಿನ ಗೇರ್‌ನಲ್ಲಿಯೇ ಆಕ್ಸಿಲರೇಟರ್ ಒತ್ತಿದರೆ ಇಂತಹ ಶಬ್ದ ಕೇಳಿಬರಬಹುದು. ಇಂಧನವು ಸಿಲಿಂಡರ್‌ನಲ್ಲಿ ಕ್ರಮ ತಪ್ಪಿ ಉರಿಯುವುದು ಇದಕ್ಕೆ ಕಾರಣ. ಕೂಡಲೇ ಆಕ್ಸಿಲರೇಟರ್ ಸಡಿಲಿಸಿ ಕೆಳಗಿನ ಗೇರ್‌ಗೆ ಬದಲಾಯಿಸಬೇಕು. ಇಗ್ನಿಷನ್ ಟೈಮಿಂಗ್, ಇಂಗಾಲದ ಶೇಖರಣೆ, ಅತಿಯಾದ ಬಿಸಿ ಹಾಗೂ ಪೆಟ್ರೋಲ್ ಗುಣಮಟ್ಟವನ್ನು ನಂತರ ಪರೀಕ್ಷಿಸಬೇಕು. ದೀರ್ಘಕಾಲ ನಿರ್ಲಕ್ಷಿಸಿದಲ್ಲಿ ಪಿಸ್ಟನ್ ಹಾಳಾಗುತ್ತದೆ.

ಕಿರ್ರೆನ್ನುವ ಕೀಚಲು ಧ್ವನಿ: ಚಾಲೂ ಮಾಡಿದ ತಕ್ಷಣ ಅಥವಾ ಎಸಿ ಹಾಕಿದಾಗ ಬರುವ ಈ ಶಬ್ದವು ಸಡಿಲಗೊಂಡ ಅಥವಾ ಸವೆದ ಬೆಲ್ಟ್‌ನದ್ದು. ಬೆಲ್ಟ್ ಬದಲಾವಣೆಯಿಂದ ಸಾಮಾನ್ಯವಾಗಿ ಪರಿಹಾರವಾಗುತ್ತದೆ.

ಗರಗರ ಶಬ್ದ: ಆಲ್ಟರ್ನೇಟರ್, ವಾಟರ್ ಪಂಪ್ ಅಥವಾ ಬೆಲ್ಟ್ ರೋಲರ್‌ನ ಬೇರಿಂಗ್ ಸವೆತ. ವಾಟರ್ ಪಂಪ್ ಆಗಿದ್ದಲ್ಲಿ ಕೂಲೆಂಟ್ ಸೋರಿಕೆ ಹಾಗೂ ಎಂಜಿನ್ ಅತಿಯಾಗಿ ಬಿಸಿಯಾಗುವ ಅಪಾಯವಿರುವುದರಿಂದ ವಿಳಂಬ ಮಾಡಬಾರದು.

ಫಟ್ ಫಟ್ ಎನ್ನುವ ಗಾಳಿಯ ಶಬ್ದ: ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅಥವಾ ಅದರ ಗ್ಯಾಸ್ಕೆಟ್‌ನಲ್ಲಿ ಸೋರಿಕೆ. ಎಂಜಿನ್ ತಣ್ಣಗಿರುವಾಗ ಜೋರಾಗಿ ಕೇಳಿಸುತ್ತದೆ. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮೋನಾಕ್ಸೈಡ್ ಅನಿಲವು ಕಾರಿನೊಳಗೆ ಸೇರುವ ಸಂಭವವಿರುವುದರಿಂದ ಇದು ಕೇವಲ ಶಬ್ದದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

ತಗಡಿನ ಝಣಝಣ: ಸೈಲೆನ್ಸರ್ ಕೊಳವೆಯ ಮೇಲಿನ ಶಾಖ ತಡೆಯುವ ತಗಡು ಸಡಿಲಗೊಂಡಿರುವುದು. ಕೇಳಲು ಭಯಂಕರವಾಗಿದ್ದರೂ ಅಲ್ಪ ವೆಚ್ಚದ ದುರಸ್ತಿ.

ಚಾಲೂ ಮಾಡಿದಾಗ ಸರಪಳಿ ಅಲುಗಿದಂತಹ ಶಬ್ದ: ಟೈಮಿಂಗ್ ಚೈನ್ ಸಡಿಲಗೊಂಡಿರುವ ಸೂಚನೆ. ಚೈನ್ ಬದಲಿಗೆ ಟೈಮಿಂಗ್ ಬೆಲ್ಟ್ ಇರುವ ಎಂಜಿನ್‌ಗಳಲ್ಲಿ ಬೆಲ್ಟ್ ಯಾವುದೇ ಶಬ್ದದ ಮುನ್ಸೂಚನೆ ನೀಡದೆ ತುಂಡಾಗಬಹುದು. ಹಲವು ಎಂಜಿನ್‌ಗಳಲ್ಲಿ ಆಗ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಬೆಲ್ಟ್ ಬದಲಾಯಿಸಿದ ಬಿಲ್ ಮಾರಾಟಗಾರರ ಬಳಿ ಇಲ್ಲದಿದ್ದಲ್ಲಿ ಅದು ಬದಲಾಗಿಲ್ಲವೆಂದೇ ಭಾವಿಸತಕ್ಕದ್ದು.

4. ಎಂಜಿನ್ ಕೂಡಲೇ ನಿಲ್ಲಿಸಬೇಕಾದ ಸಂದರ್ಭಗಳು

• ಎಂಜಿನ್‌ನ ಕೆಳಭಾಗದಿಂದ ಧಡ್ ಧಡ್ ಎಂಬ ಆಳವಾದ ಬಡಿತ ಕೇಳಿಬಂದು, ವೇಗದೊಂದಿಗೆ ಅದು ಹೆಚ್ಚಾದಾಗ
• ಓಡುತ್ತಿರುವಾಗ ಕೆಂಪು ಆಯಿಲ್ ದೀಪ ಬೆಳಗಿದಾಗ
• ಶಬ್ದದೊಂದಿಗೆ ತಾಪಮಾನದ ಮುಳ್ಳು ಕೆಂಪು ಗುರುತಿಗೆ ಏರಿದಾಗ

ಆಳವಾದ ಬಡಿತವು ಕನೆಕ್ಟಿಂಗ್ ರಾಡ್ ಅಥವಾ ಕ್ರ್ಯಾಂಕ್‌ಶಾಫ್ಟ್ ಬೇರಿಂಗ್‌ಗಳದ್ದಾಗಿರುತ್ತದೆ. ಈ ಬೇರಿಂಗ್‌ಗಳು ಒತ್ತಡದ ಆಯಿಲ್‌ನ ತೆಳುವಾದ ಪದರದ ಮೇಲೆ ತಿರುಗುತ್ತವೆ. ಆ ಪದರ ಇಲ್ಲವಾದರೆ ಲೋಹಕ್ಕೆ ಲೋಹ ತಾಗಿ ಅಲ್ಪ ಸಮಯದಲ್ಲಿಯೇ ಎಂಜಿನ್ ಸೀಜ್ ಆಗುತ್ತದೆ. ರಸ್ತೆಯ ಬದಿಗೆ ಸುರಕ್ಷಿತವಾಗಿ ನಿಲ್ಲಿಸಿ ಎಂಜಿನ್ ಬಂದ್ ಮಾಡಿ, ಮುಂದಕ್ಕೆ ಚಲಾಯಿಸದೆ, ಟೋಯಿಂಗ್ ವಾಹನದ ನೆರವಿನಿಂದ ಗ್ಯಾರೇಜಿಗೆ ಸಾಗಿಸತಕ್ಕದ್ದು. "ಮನೆ ಹತ್ತಿರವಿದೆ, ನಿಧಾನವಾಗಿ ಹೋದರಾಯಿತು" ಎಂಬ ನಿರ್ಧಾರದಿಂದ ಬೇರಿಂಗ್ ಬದಲಾವಣೆಗೆ ಮುಗಿಯಬಹುದಾದ ಕೆಲಸವು ಪೂರ್ಣ ಎಂಜಿನ್ ಕೆಲಸವಾಗಿ ಪರಿಣಮಿಸುತ್ತದೆ. ಬಿಸಿ ರೇಡಿಯೇಟರ್‌ನ ಮುಚ್ಚಳವನ್ನು ಯಾವುದೇ ಕಾರಣಕ್ಕೂ ತೆರೆಯಬಾರದು.

5. ಪರೀಕ್ಷೆಯ ವೇಳೆ ಸುರಕ್ಷತೆ

ಚಾಲೂ ಇರುವ ಎಂಜಿನ್‌ನ ಬಳಿ ದುಪಟ್ಟಾ, ಸಡಿಲ ತೋಳು ಹಾಗೂ ಬಿಚ್ಚಿದ ಕೂದಲು ಬೆಲ್ಟ್‌ಗೆ ಸಿಲುಕದಂತೆ ಎಚ್ಚರ ವಹಿಸಬೇಕು. ಎಂಜಿನ್ ಬಂದ್ ಇದ್ದರೂ ವಿದ್ಯುತ್ ಚಾಲಿತ ಫ್ಯಾನ್ ತಾನಾಗಿ ತಿರುಗಲು ಆರಂಭಿಸಬಹುದು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಡಬಾರದು. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಎಂಜಿನ್‌ಗೆ ತಾಗಿಸಿ ಹಿಡಿಕೆಯನ್ನು ಕಿವಿಗಿಟ್ಟು ಆಲಿಸುವ ರೂಢಿಯನ್ನು ಅನುಭವಿ ಮೆಕ್ಯಾನಿಕ್‌ಗಳಿಗೆ ಬಿಡುವುದು ಕ್ಷೇಮ. ಶಬ್ದವು ಯಾವಾಗ, ಎಷ್ಟು ವೇಗದಲ್ಲಿ ಬರುತ್ತದೆ ಎಂಬುದನ್ನು ಬರೆದಿಟ್ಟು, ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ ಮೆಕ್ಯಾನಿಕ್‌ಗೆ ನೀಡಿದಲ್ಲಿ ಅನಗತ್ಯ ಬಿಡಿಭಾಗಗಳ ಬದಲಾವಣೆ ತಪ್ಪುತ್ತದೆ.

6. ಮಾಲೀಕತ್ವ ವರ್ಗಾವಣೆ

ಎಂಜಿನ್ ತೃಪ್ತಿಕರವಾಗಿದ್ದಲ್ಲಿ ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 50ರಂತೆ ವರ್ಗಾವಣೆಯನ್ನು ವರದಿ ಮಾಡತಕ್ಕದ್ದು. ರಾಜ್ಯದೊಳಗಿನ ನೋಂದಣಿಯಾಗಿದ್ದಲ್ಲಿ ಮಾರಾಟಗಾರರು 14 ದಿನಗಳೊಳಗೆ, ಖರೀದಿದಾರರು 30 ದಿನಗಳೊಳಗೆ ವರದಿ ಸಲ್ಲಿಸಬೇಕು.

• ನಮೂನೆ 29: ವರ್ಗಾವಣೆಯ ಸೂಚನೆ
• ನಮೂನೆ 30: ವರ್ಗಾವಣೆಯ ಸೂಚನೆ ಹಾಗೂ ಅರ್ಜಿ
• ನಮೂನೆ 35: ವಾಹನದ ಮೇಲೆ ಸಾಲವಿದ್ದು ತೀರಿದ್ದಲ್ಲಿ
• ನಮೂನೆ 28: ಬೇರೆ ರಾಜ್ಯದ ವಾಹನವಾಗಿದ್ದಲ್ಲಿ ನಿರಾಕ್ಷೇಪಣಾ ಪತ್ರ
• ನೋಂದಣಿ ಪ್ರಮಾಣಪತ್ರ, ಚಾಲ್ತಿಯಲ್ಲಿರುವ ವಿಮೆ, ವಾಯುಮಾಲಿನ್ಯ ನಿಯಂತ್ರಣ ಪ್ರಮಾಣಪತ್ರ ಹಾಗೂ ವಿಳಾಸದ ದಾಖಲೆ

ನೋಂದಣಿ ಪ್ರಮಾಣಪತ್ರದಲ್ಲಿರುವ ಎಂಜಿನ್ ಸಂಖ್ಯೆ ಹಾಗೂ ಚಾಸಿಸ್ ಸಂಖ್ಯೆಯನ್ನು ವಾಹನದ ಮೇಲಿನ ಸಂಖ್ಯೆಯೊಂದಿಗೆ ಹೋಲಿಸಿ ನೋಡಬೇಕು. ಖಾಸಗಿ ಕಾರಿನ ನೋಂದಣಿಯು 15 ವರ್ಷಗಳವರೆಗೆ ಊರ್ಜಿತವಾಗಿದ್ದು, ಅವಧಿ ಸಮೀಪಿಸಿದ್ದಲ್ಲಿ ನವೀಕರಣಕ್ಕೆ ವಾಹನವನ್ನು ತಪಾಸಣೆಗೆ ಒಳಪಡಿಸಬೇಕಾಗುತ್ತದೆ. ಮಾರಾಟ ಮಧ್ಯವರ್ತಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ ಅಧಿಕಾರ ಪತ್ರ ಪಡೆದಿರುವರೇ ಎಂಬುದನ್ನೂ ವಿಚಾರಿಸಬೇಕು.

7. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಚಾಲ್ತಿಯಲ್ಲಿರುವ ವಾಯುಮಾಲಿನ್ಯ ಪ್ರಮಾಣಪತ್ರವಿದ್ದರೆ ಎಂಜಿನ್ ಸುಸ್ಥಿತಿಯಲ್ಲಿದೆ ಎಂದು ಭಾವಿಸಬಹುದೇ?
ಉತ್ತರ: ಇಲ್ಲ. ಸದರಿ ಪರೀಕ್ಷೆಯು ಹೊಗೆಯ ಪ್ರಮಾಣಕ್ಕೆ ಸೀಮಿತವಾದುದು. ಬೇರಿಂಗ್ ಸವೆತ ಅದರಲ್ಲಿ ಗೋಚರಿಸುವುದಿಲ್ಲ.

ಪ್ರಶ್ನೆ: ದಪ್ಪನೆಯ ಆಯಿಲ್ ಹಾಕಿದರೆ ಶಬ್ದ ನಿಲ್ಲುತ್ತದೆಯೇ?
ಉತ್ತರ: ಕೆಲಕಾಲ ಅಡಗಬಹುದು, ದೋಷ ಉಳಿಯುತ್ತದೆ. ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯ ಆಯಿಲ್ ಮಾತ್ರ ಬಳಸತಕ್ಕದ್ದು.

ಪ್ರಶ್ನೆ: ನಿಂತ ಕಾರಿನಲ್ಲಿ ಸ್ವಲ್ಪ ನಡುಕವಿದ್ದರೆ ಅದು ದೋಷವೇ?
ಉತ್ತರ: ಮಾರುತಿ 800ರಂತಹ ಮೂರು ಸಿಲಿಂಡರ್ ಎಂಜಿನ್‌ಗಳಲ್ಲಿ ಅಲ್ಪ ನಡುಕ ಸಹಜ. ಹೊಡೆತದಂತಹ ಅದುರುವಿಕೆ ಇದ್ದಲ್ಲಿ ಎಂಜಿನ್ ಮೌಂಟಿಂಗ್ ಹಾಗೂ ಸ್ಪಾರ್ಕ್ ಪ್ಲಗ್ ಪರೀಕ್ಷಿಸಬೇಕು.

ಪ್ರಶ್ನೆ: ಹದಿನೇಳು ವರ್ಷದ ವಿದ್ಯಾರ್ಥಿಯು ಖರೀದಿಗೆ ಮುನ್ನ ಕಾರನ್ನು ಚಲಾಯಿಸಿ ನೋಡಬಹುದೇ?
ಉತ್ತರ: ಇಲ್ಲ. ಕಾರು ಚಲಾಯಿಸಲು 18 ವರ್ಷ ಪೂರ್ಣಗೊಂಡಿರಬೇಕು. 2019ರ ತಿದ್ದುಪಡಿಯಿಂದ ಸೇರಿಸಲಾದ ಕಲಂ 199ಎ ಪ್ರಕಾರ ಅಪ್ರಾಪ್ತ ವಯಸ್ಕರ ಅಪರಾಧಕ್ಕೆ ಪೋಷಕರು ಅಥವಾ ವಾಹನದ ಮಾಲೀಕರು ಹೊಣೆಗಾರರಾಗುತ್ತಾರೆ. ಪರವಾನಗಿ ಹೊಂದಿದ ಹಿರಿಯರು ಚಲಾಯಿಸಿ, ವಿದ್ಯಾರ್ಥಿಯು ಪಕ್ಕದಲ್ಲಿ ಕುಳಿತು ಆಲಿಸಬಹುದು.

ಪ್ರಶ್ನೆ: ಸೈಲೆನ್ಸರ್ ಬದಲಾಯಿಸಿ ಹೆಚ್ಚು ಶಬ್ದ ಬರುವಂತೆ ಮಾಡಿದ ಕಾರನ್ನು ಖರೀದಿಸಬಹುದೇ?
ಉತ್ತರ: ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 120ರಂತೆ ಪ್ರತಿ ವಾಹನಕ್ಕೂ ಶಬ್ದ ತಗ್ಗಿಸುವ ಸೈಲೆನ್ಸರ್ ಕಡ್ಡಾಯ. ಅಂತಹ ಸೈಲೆನ್ಸರ್‌ನ ಅಬ್ಬರದಲ್ಲಿ ಎಂಜಿನ್‌ನ ದೋಷಗಳೂ ಮರೆಯಾಗುತ್ತವೆ. ಮೂಲ ಸೈಲೆನ್ಸರ್ ಅಳವಡಿಸಿದ ನಂತರವೇ ಪರೀಕ್ಷಿಸತಕ್ಕದ್ದು.

ಪ್ರಶ್ನೆ: ಖರೀದಿಯ ನಂತರ ದೋಷ ಕಂಡುಬಂದರೆ ಇಲಾಖೆಯು ಹಣ ಮರಳಿ ಕೊಡಿಸುತ್ತದೆಯೇ?
ಉತ್ತರ: ನೋಂದಣಿ ಪ್ರಾಧಿಕಾರಕ್ಕೆ ಅಂತಹ ಅಧಿಕಾರವಿಲ್ಲ. ವ್ಯಾಪಾರಿಯಿಂದ ಖರೀದಿಸಿದ್ದಲ್ಲಿ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಂತೆ ವ್ಯಾಜ್ಯ ಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಮಾರಾಟದ ರಸೀದಿ, ಲಿಖಿತ ಭರವಸೆ ಹಾಗೂ ಗ್ಯಾರೇಜಿನ ತಪಾಸಣಾ ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

ಪ್ರಶ್ನೆ: ಮಾರಾಟಗಾರರು ತಣ್ಣಗಿನ ಎಂಜಿನ್ ಪರೀಕ್ಷಿಸಲು ಅಥವಾ ಖರೀದಿದಾರರ ಮೆಕ್ಯಾನಿಕ್‌ಗೆ ತೋರಿಸಲು ಒಪ್ಪದಿದ್ದಲ್ಲಿ ಏನು ಮಾಡಬೇಕು?
ಉತ್ತರ: ಬೆಲೆ ಎಷ್ಟೇ ಕಡಿಮೆಯಿದ್ದರೂ ಮುಂಗಡ ನೀಡದೆ, ಯಾವುದೇ ನಮೂನೆಗೆ ಸಹಿ ಮಾಡದೆ ಹಿಂದಿರುಗುವುದು ಸೂಕ್ತ.