ಬದುವಿನ ಗಂಧ ಯಾರದು?

ಹಳೇ ಮೈಸೂರು ಸೀಮೆಯಲ್ಲಿ ಗಂಧ ತೇಯದ ಗುಡಿ ಸಿಗುವುದು ಕಷ್ಟ. ಆದರೆ ಹೊಲದಲ್ಲಿ ನಿಂತ ಗಂಧದ ಮರವನ್ನು ತನ್ನದೆನ್ನುವ ಹಕ್ಕು ಇಲ್ಲಿನ ರೈತನಿಗೆ 200 ವರ್ಷಕ್ಕೂ ಮಿಕ್ಕಿ ಇರಲಿಲ್ಲ. 

1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಮುಂದೆ ಒಡೆಯರು ಬಂದರು, ಬ್ರಿಟಿಷ್ ಕಮಿಷನರರು ಬಂದರು, ಚುನಾಯಿತ ಸರ್ಕಾರಗಳೂ ಬಂದವು. ಮರ ಮಾತ್ರ ಸರ್ಕಾರದ್ದಾಗಿಯೇ ಉಳಿಯಿತು. ಮೊದಲ ಮಹಾಯುದ್ಧದಿಂದ ಜರ್ಮನಿಗೆ ಹೋಗುತ್ತಿದ್ದ ಕೊರಡು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ 1916ರಲ್ಲಿ ಗಂಧದೆಣ್ಣೆ ತಯಾರಿಕೆಯನ್ನು ಇಲ್ಲೇ ಶುರುಮಾಡಿಸಿದರು. ಖಜಾನೆ ತುಂಬಿತು. ರೈತನ ಪಾಲಿಗೆ ಬಂದದ್ದು ಕಾವಲು. ಮರ ಕಳುವಾದರೆ ಅವನೇ ಜವಾಬು ಹೇಳಬೇಕು.

ಗಂಧದ ಕಪ್ಪು ಹಣ್ಣು ತಿಂದ ಪಿಕಳಾರ ಬೇಲಿಯ ಮೇಲೆ ಕೂತು ಬೀಜ ಉದುರಿಸುತ್ತದೆ. ಮೊಳೆತ ಗಿಡ ಪಕ್ಕದ ಹೊಂಗೆಯ ಬೇರಿಗೆ ತನ್ನ ಬೇರು ಕಚ್ಚಿಸಿ ನೀರು, ಸಾರ ಎಳೆದುಕೊಳ್ಳುತ್ತದೆ. ನೆಡುವ ಕೈಯೇ ಬೇಡ. ಹೀಗೆ ತಾನಾಗಿ ಬಂದ ಗಿಡವನ್ನು ಬೆರಳುದ್ದವಿರುವಾಗಲೇ ಕಿತ್ತೆಸೆಯುವುದು ರೈತನಿಗೆ ಕ್ಷೇಮವೆನಿಸಿತ್ತು. ಸ್ಪೈಕ್ ರೋಗ, ಕಳ್ಳಸಾಗಣೆಗಳೂ ಸೇರಿ ಗಂಧದ ನಾಡಿನಲ್ಲಿ ಗಂಧವೇ ಅಪರೂಪವಾಯಿತು.

ರೈತನ ಒಪ್ಪಿಗೆ ಬೇಕಾದದ್ದು ಗಂಧಕ್ಕಷ್ಟೇ ಅಲ್ಲ. ದೇಶದ ಮೂರನೇ ಒಂದು ಭಾಗ ಕಾಡಿರಬೇಕೆಂದು 1952ರ ರಾಷ್ಟ್ರೀಯ ಅರಣ್ಯ ನೀತಿ ಹೇಳಿತು. 1988ರ ನೀತಿಯೂ ಅದನ್ನೇ ಹೇಳಿತು. ಕರ್ನಾಟಕದ ಅರಣ್ಯ ಈಗಲೂ ಶೇ. 20ರ ಆಸುಪಾಸಿನಲ್ಲಿದೆ. ಉಳಿದ ಮರಗಳು ಹೊಲ, ಬದುಗಳಲ್ಲೇ ಬರಬೇಕು. ಅಲ್ಲಿ ರೈತ ಒಪ್ಪದೆ ಒಂದು ಗಿಡವೂ ಮೇಲೇಳದು.

ಈ ಮಾತು ಕಾನೂನಿಗಿಳಿದದ್ದು 2001ರಲ್ಲಿ. ಅರಣ್ಯ ಕಾಯ್ದೆಯ ತಿದ್ದುಪಡಿ ಜಮೀನಿನವನನ್ನೇ ಗಂಧದ ಮರದ ಒಡೆಯನನ್ನಾಗಿಸಿತು. ಕಿತ್ತೆಸೆಯುತ್ತಿದ್ದ ಸಸಿಯನ್ನು ರೈತರು ದುಡ್ಡು ಕೊಟ್ಟು ತಂದು, ಅದರ ಬುಡದಲ್ಲಿ ಆಸರೆಗೆಂದು ತೊಗರಿ ಬಿತ್ತತೊಡಗಿದರು.

2011-12ರಲ್ಲಿ ಬಂದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ನರ್ಸರಿಯಿಂದ ಎಷ್ಟು ಸಸಿ ಒಯ್ದರೂ ಹಣ ಬರುವುದು ಬದುಕಿದ ಸಸಿಗೆ ಮಾತ್ರ: ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50 ರೂಪಾಯಿ. ಅದಕ್ಕಾಗಿ ಅರಣ್ಯ ಇಲಾಖೆಯವರು ಹೊಲಕ್ಕೇ ಬಂದು, ಸಾಲು ಹಿಡಿದು, ಹಸಿರಾಗಿರುವ ಗಿಡಗಳನ್ನು ಎಣಿಸುತ್ತಾರೆ.