ಒಂದೇ ಡಿಸಿ ಮೂಲದಿಂದ ಧನ-ಋಣ ವೋಲ್ಟೇಜ್

ಧ್ವನಿಯಂಥ ಸಂಕೇತಗಳು ಗ್ರೌಂಡಿನ ಮೇಲಕ್ಕೂ ಕೆಳಕ್ಕೂ ತೂಗುತ್ತವೆ. ಅವನ್ನು ವರ್ಧಿಸುವ ಸರ್ಕ್ಯೂಟಿಗೆ ಧನ ಮತ್ತು ಋಣ, ಎರಡೂ ವೋಲ್ಟೇಜ್ ಇದ್ದರೆ ಅನುಕೂಲ. 1968ರಲ್ಲಿ ಫೇರ್‌ಚೈಲ್ಡ್ ಹೊರತಂದ 741 ಆಪ್-ಆಂಪ್‌ನ ಗುಣಲಕ್ಷಣಗಳನ್ನು ನಮೂದಿಸಿದ್ದೇ ±15 ವೋಲ್ಟ್‌ಗೆ. ಗೋಡೆಯ ಎಸಿ ಇದ್ದಲ್ಲಿ ನಡು ಟ್ಯಾಪ್ ಇರುವ ಟ್ರಾನ್ಸ್‌ಫಾರ್ಮರ್ ಸಾಕು. ಕೈಯಲ್ಲಿರುವುದು ಒಂದು ಬ್ಯಾಟರಿ ಮಾತ್ರ ಎಂದಾಗ ಬೇರೆ ದಾರಿ ಹುಡುಕಬೇಕಾಗುತ್ತದೆ.

ಅಗ್ಗದ ದಾರಿ, ಇರುವುದನ್ನೇ ಸೀಳುವುದು. 9 ವೋಲ್ಟ್ ಬ್ಯಾಟರಿಗೆ 10 ಕಿಲೋಓಮ್‌ನ ಎರಡು ರೆಸಿಸ್ಟರ್ ಸರಣಿಯಲ್ಲಿ ಜೋಡಿಸಿ ನಡುಬಿಂದುವನ್ನು ಗ್ರೌಂಡ್ ಎಂದುಕೊಂಡರೆ ±4.5 ವೋಲ್ಟ್ ಸಿಗುತ್ತದೆ. ಆದರೆ ಆ ಬಿಂದುವಿನ ಒಳರೋಧ 5 ಕಿಲೋಓಮ್. ಅದರ ಮೂಲಕ 0.2 ಮಿಲಿಆಂಪಿಯರ್ ಹರಿದರೂ ‘ಗ್ರೌಂಡ್’ 1 ವೋಲ್ಟ್ ಜರುಗುತ್ತದೆ. ನಡುಬಿಂದುವಿಗೆ ಆಪ್-ಆಂಪ್ ಬಫರ್ ಕೊಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಲ್‌ಇ2426 ಇದೇ ಕೆಲಸಕ್ಕೆಂದು ಮಾಡಿದ ಐಸಿ.

ನಿಜವಾದ ಋಣ ವೋಲ್ಟೇಜ್ ಹುಟ್ಟಿಸುವ ಸರಳ ಸಾಧನ ಚಾರ್ಜ್ ಪಂಪ್. ಮೊದಲ ಹಂತದಲ್ಲಿ ಒಂದು ಕೆಪಾಸಿಟರ್ 5 ವೋಲ್ಟ್‌ವರೆಗೆ ತುಂಬಿಕೊಳ್ಳುತ್ತದೆ. ಎರಡನೆಯ ಹಂತದಲ್ಲಿ ಸ್ವಿಚ್‌ಗಳು ಅದರ ಧನ ತುದಿಯನ್ನು ಗ್ರೌಂಡಿಗೆ ಕಟ್ಟುತ್ತವೆ. ಇನ್ನೊಂದು ತುದಿ ತಾನಾಗಿ −5 ವೋಲ್ಟ್‌ಗೆ ಇಳಿದು, ತನ್ನ ಚಾರ್ಜನ್ನು ಹೊರಬದಿಯ ಕೆಪಾಸಿಟರಿಗೆ ಸುರಿಯುತ್ತದೆ. ಇಂಟರ್‌ಸಿಲ್‌ನ ಐಸಿಎಲ್7660ಕ್ಕೆ ಬೇಕಾಗುವ ಹೊರಗಿನ ಭಾಗಗಳು 10 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್‌ಗಳಷ್ಟೆ. ಪಂಪ್ ಸೆಕೆಂಡಿಗೆ ಸುಮಾರು 5,000 ಬಾರಿ ಆಡುತ್ತದೆ. ಆವರ್ತನ ಮತ್ತು ಕೆಪಾಸಿಟನ್ಸ್‌ಗಳ ಗುಣಲಬ್ಧದ ವಿಲೋಮದಷ್ಟು, ಅಂದರೆ 20 ಓಮ್, ರೋಧ ಪಂಪ್ ಮಾಡುವ ಕ್ರಿಯೆಯಿಂದಲೇ ಬರುತ್ತದೆ. ಸ್ವಿಚ್‌ಗಳದ್ದೂ ಸೇರಿದರೆ ಮೊತ್ತ ಸುಮಾರು 55 ಓಮ್. 10 ಮಿಲಿಆಂಪಿಯರ್ ಎಳೆದಾಗ −5 ಇರಬೇಕಾದಲ್ಲಿ −4.45 ವೋಲ್ಟ್ ಮಾತ್ರ ಉಳಿಯುವುದು ಇದರಿಂದಲೇ.

ಈ ತಂತ್ರಕ್ಕೆ ದೊಡ್ಡ ಮಾರುಕಟ್ಟೆ ತೆರೆದದ್ದು ಕಂಪ್ಯೂಟರ್. 1974ರ ಇಂಟೆಲ್ 8080 ಪ್ರೊಸೆಸರ್ +5, +12, −5 ಎಂಬ ಮೂರು ವೋಲ್ಟೇಜ್ ಬೇಡುತ್ತಿತ್ತು. 16 ಕಿಲೋಬಿಟ್‌ನ 4116 ಮೆಮೊರಿ ಚಿಪ್‌ಗೂ ಅದೇ ಹಟ. 1976ರ 8085 ಒಂದೇ 5 ವೋಲ್ಟ್‌ನಲ್ಲಿ ಓಡಿತು. ಆಮೇಲಿನ ಮೆಮೊರಿ ಚಿಪ್‌ಗಳು ತಮಗೆ ಬೇಕಾದ ಋಣ ವೋಲ್ಟೇಜನ್ನು ಒಳಗೇ ಪಂಪ್ ಮಾಡಿಕೊಂಡವು. ಆದರೆ ಆರ್‌ಎಸ್-232 ಸೀರಿಯಲ್ ಪೋರ್ಟ್ ಮಾತ್ರ ಜಗ್ಗಲಿಲ್ಲ: ಅದರ ಸಂಕೇತಕ್ಕೆ ಧನವೂ ಬೇಕು, ಋಣವೂ ಬೇಕು. ಹಳೆಯ 1488 ಚಿಪ್‌ಗಾಗಿ ಪವರ್ ಸಪ್ಲೈನಲ್ಲಿ ±12 ವೋಲ್ಟ್ ಇಡಬೇಕಿತ್ತು. 1987ರಲ್ಲಿ ಬಂದ ಮ್ಯಾಕ್ಸಿಮ್‌ನ ಮ್ಯಾಕ್ಸ್232, 5 ವೋಲ್ಟನ್ನು ಇಮ್ಮಡಿಸಿ +10, ಅದನ್ನು ತಲೆಕೆಳಗು ಮಾಡಿ −10 ಪಡೆದು, ಆ ಹೊರೆಯನ್ನು ಇಳಿಸಿತು. ಈ ಕ್ಷೇತ್ರದ ಅತ್ಯಂತ ಪ್ರಭಾವಿ ಚಿಪ್ ಇದೇ ಎಂದರೆ ತಪ್ಪಾಗಲಾರದು.

ನೂರಾರು ಮಿಲಿಆಂಪಿಯರ್ ಬೇಕಾದಾಗ ಎಂಸಿ34063ದಂಥ ಸ್ವಿಚಿಂಗ್ ಐಸಿ ಮತ್ತು ಇಂಡಕ್ಟರ್, ಇಲ್ಲವೇ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಬಳಸುತ್ತಾರೆ. ಫ್ಲೈಬ್ಯಾಕ್‌ನಲ್ಲಿ ಸಾಮಾನ್ಯವಾಗಿ ಒಂದು ಬದಿಯನ್ನಷ್ಟೇ ಅಳೆದು ನಿಯಂತ್ರಿಸುವುದರಿಂದ ಇನ್ನೊಂದು ಬದಿ ಲೋಡ್ ಬದಲಾದಂತೆ ಅಲೆದಾಡುತ್ತದೆ.

ಗಿಟಾರ್ ಪೆಡಲ್‌ಗಳಲ್ಲೂ ಚಾರ್ಜ್ ಪಂಪ್ ಉಂಟು. ಹೆಸರಾಂತ ಕ್ಲೋನ್ ಸೆಂಟಾರ್ 9 ವೋಲ್ಟ್‌ನಿಂದ +18 ಮತ್ತು −9 ಪಡೆಯುತ್ತದೆ. ಇಂಥಲ್ಲಿ 7660 ಅಷ್ಟು ಹೊಂದುವುದಿಲ್ಲ: ಅದರ ಪಂಪ್ ಆವರ್ತನ ಕಿವಿಗೆ ಕೇಳುವ ವ್ಯಾಪ್ತಿಯಲ್ಲೇ ಇದ್ದು ಕೀರಲು ಸದ್ದಾಗಿ ನುಸುಳಬಹುದು. ಆವರ್ತನ ಏರಿಸುವ ಬೂಸ್ಟ್ ಪಿನ್ ಇರುವ ಮ್ಯಾಕ್ಸ್1044 ಧ್ವನಿ ಸರ್ಕ್ಯೂಟಿಗೆ ಮೇಲು.