ಮದಗುಣಕಿ: ನೋವು ಉಳಿಸಿ ನೆನಪು ಅಳಿಸೋ ಗಿಡ

ರೋಣದಿಂದ ಗಜೇಂದ್ರಗಡಕ್ಕೆ ಬಸ್ಸಲ್ಲಿ ಹೋಗ್ತಾ ಇದನ್ನ ಕೇಳ್ತಿದ್ರೆ, ಸ್ವಲ್ಪ ಕಿಟಕಿ ಆಚೆ ನೋಡಿ. ರಸ್ತೆ ಬದಿಗೆ, ತಿಪ್ಪೆ ಪಕ್ಕಕ್ಕೆ, ತುತ್ತೂರಿಯಂಥ ಹೂವು, ಮುಳ್ಳುಮುಳ್ಳು ಕಾಯಿ ಇರೋ ಗಿಡ ಕಾಣಬಹುದು. ಅದೇ ಮದಗುಣಕಿ. ಬೇರೆ ಕಡೆ ಉಮ್ಮತ್ತಿ, ದತ್ತೂರಿ ಅಂತಾರೆ. ಹೂವು ಶಿವನಿಗೆ ಏರುತ್ತೆ. ಆದರೆ ಬೀಜ ಸೇರಿ ಇಡೀ ಗಿಡವೇ ವಿಷ, ಮನೆಮದ್ದು ಅಂತ ಬಾಯಿಗೆ ಹಾಕೀರಿ, ಜೋಕೆ!

ಇದರೊಳಗೆ ಸ್ಕೋಪೊಲಮೈನ್ ಅನ್ನೋ ರಾಸಾಯನಿಕ ಇದೆ. ಕಣ್ಣೆದುರು ನಡೆದದ್ದನ್ನು ಮಿದುಳು ಬರೆದಿಟ್ಟುಕೊಳ್ಳದ ಹಾಗೆ ಅದು ತಡೆಯುತ್ತೆ. 19ನೇ ಶತಮಾನದಲ್ಲಿ ದಾರಿಹೋಕರ ಊಟಕ್ಕೆ ದತ್ತೂರಿ ಬೀಜ ಬೆರೆಸಿ ದೋಚುವ ಕಳ್ಳರ ಬಗ್ಗೆ ಭಾರತದಲ್ಲಿದ್ದ ಬ್ರಿಟಿಷ್ ವೈದ್ಯರು ಪುಟಗಟ್ಟಲೆ ಬರೆದಿದ್ದಾರೆ.

ಅದೇ ಕಾಲಕ್ಕೆ ಆಸ್ಪತ್ರೆಗಳು ಹಿಡಿದದ್ದು ಬೇರೆ ದಾರಿ. 1847ರಲ್ಲಿ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರ್ಮ್ ಬಳಕೆಗೆ ತಂದರು. 1858ರಲ್ಲಿ ನರಗುಂದದ ಬಾಬಾಸಾಹೇಬ ಬಂಡೆದ್ದಾಗ ಆ ಔಷಧಕ್ಕೆ ಬರೀ 11 ವರ್ಷ ವಯಸ್ಸು. ರೋಗಿಗೆ ಎಚ್ಚರವೇ ಇಲ್ಲದಿದ್ದರೆ ನೋವೂ ಇಲ್ಲ, ಸರಿ. ಆದರೆ ಕೆಲವರು ಟೇಬಲ್ ಮೇಲೇ ಸಾಯ್ತಿದ್ದರು. ಯಾಕೆ? ಗಜೇಂದ್ರಗಡ ದಾಟಿ ಕುಷ್ಟಗಿ ಕಡೆ ಹೋದರೆ ಆಗ ನಿಜಾಮರ ಸೀಮೆ. ಅವರ ಹೈದರಾಬಾದಿನಲ್ಲಿ 1888, 1889ರಲ್ಲಿ ಎಡ್ವರ್ಡ್ ಲಾರಿ ಎಂಬ ಸರ್ಜನ್, ನಿಜಾಮರ ದುಡ್ಡಿನಲ್ಲಿ, ನೂರಾರು ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿಸಿದರು. ಉಸಿರಾಟ ನೋಡ್ತಾ ಇರಿ ಸಾಕು, ಹೃದಯಕ್ಕೇನೂ ಆಗಲ್ಲ ಅಂತ ತೀರ್ಪು ಬಂತು. ಮೊದಲರ್ಧ ಒಳ್ಳೆ ಸಲಹೆ. ಎರಡನೆಯದು ತಪ್ಪು: 1911ರಲ್ಲಿ ಲಂಡನ್ನಿನ ಲೆವಿ, ಕ್ಲೋರೋಫಾರ್ಮ್ ಹೃದಯವನ್ನೇ ನಿಲ್ಲಿಸಬಲ್ಲದು ಅಂತ ತೋರಿಸಿದರು.

ಇನ್ನು ನಮ್ಮ ತಿಪ್ಪೆ ಪಕ್ಕದ ಗಿಡದ ರಾಸಾಯನಿಕಕ್ಕೆ ಬರೋಣ. 1906ರ ಹೊತ್ತಿಗೆ ಜರ್ಮನಿಯ ಫ್ರೈಬರ್ಗ್‌ನಲ್ಲಿ ಕಾರ್ಲ್ ಗೌಸ್ ಹೆರಿಗೆಗೆ ಒಂದಿಷ್ಟು ಮಾರ್ಫಿನ್, ಆಮೇಲೆ ಆಗಾಗ ಸ್ಕೋಪೊಲಮೈನ್ ಕೊಡೋಕೆ ಶುರು ಮಾಡಿದರು. ಹೆಸರು 'ಮುಸ್ಸಂಜೆ ನಿದ್ದೆ'. ಡೋಸ್ ಸಾಕೋ ಬೇಕೋ ಅಂತ ತಿಳಿಯೋಕೆ ಅವರು ನೋವನ್ನ ಅಳೀತಿರಲಿಲ್ಲ, ನೆನಪನ್ನ ಅಳೀತಿದ್ರು! ಸ್ವಲ್ಪ ಹೊತ್ತಿನ ಹಿಂದೆ ತೋರಿಸಿದ ವಸ್ತು ಬಾಣಂತಿಗೆ ಗುರುತು ಸಿಕ್ಕರೆ ಇನ್ನೊಂದು ಇಂಜೆಕ್ಷನ್. ಕೋಣೆಯಲ್ಲಿ ಆಕೆ ಚೀರ್ತಾಳೆ, ಒದ್ದಾಡ್ತಾಳೆ. ಬೆಳಿಗ್ಗೆ ಮಗು ನೋಡಿ, ಹೆರಿಗೆ ಯಾವಾಗ ಆಯ್ತು ಅಂತ ಕೇಳ್ತಾಳೆ. 1914ರಲ್ಲಿ ಅಮೆರಿಕದ ಹೆಂಗಸರು ಇದೇ ಬೇಕು ಅಂತ ಚಳವಳಿ ಹೂಡಿದರು. ಅವರನ್ನ ಮೂರ್ಖರು ಅನ್ನೋಕೆ ನನಗೆ ಮನಸ್ಸಿಲ್ಲ, ಬೇರೆ ಆಯ್ಕೆ ಏನಿತ್ತು? ಆದರೆ ಮಂಪರು ಹಿಡಿದ, ಉಸಿರಿಗೆ ಕಷ್ಟಪಡೋ ಕೂಸುಗಳೂ ಹುಟ್ಟಿದವು.

ಈಗ ಐಸಿಯುಗಳಲ್ಲಿ, ಎಂಡೋಸ್ಕೋಪಿಯಲ್ಲಿ ಕೊಡೋ ಮಿಡಾಜೋಲಮ್ ಕೂಡ ನೆನಪನ್ನೇ ತಡೆಯೋದು. ಅದೊಂದರಿಂದಲೇ ನೋವು ಹೋಗಲ್ಲ. ಅದಕ್ಕೇ ನೋವಾಗೋ ಚಿಕಿತ್ಸೆ ಇದ್ದರೆ ಜೊತೆಗೆ ಫೆಂಟನಿಲ್ ಥರದ ನೋವಿನ ಔಷಧ ಬೇಕು. ಮನೆಯವರನ್ನ ಒಳಗೆ ಕರ್ಕೊಂಡು ಹೋಗೋವಾಗ ಕೇಳಿ: ಡಾಕ್ಟ್ರೇ, ಇದರಲ್ಲಿ ನೋವಿಗೆ ಯಾವುದು, ಮರೆವಿಗೆ ಯಾವುದು?